ಬೀರದೇವರು ಸುಮ್ಮನಿದ್ದ ವರ್ಷಗಳು

ಕೊರ್ಲಹಳ್ಳಿಯಲ್ಲಿ ಹೊಳೆದಂಡೆಗೆ ಹೊಲ ಇರುವವರಿಗೆ ನೀರಿನ ಚಿಂತೆಯಿಲ್ಲ, ಹಂದಿಯ ಚಿಂತೆ ಉಂಟು. ಹಗಲೆಲ್ಲ ಜಾಲಿ ಪೊದೆಗಳಲ್ಲಿ ಬಿದ್ದಿರುವ ಕಾಡುಹಂದಿಗಳು ಕತ್ತಲಾದ ಮೇಲೆ ಎದ್ದು ಬಂದು ಶೇಂಗಾ ಹೊಲವನ್ನು ನೇಗಿಲು ಹೊಡೆದ ಹಾಗೆ ಕೆದರಿ ಹೋಗುತ್ತವೆ. ಹದಿನಾಲ್ಕು ವರ್ಷದ ಹಿಂದೆ ಹೊನ್ನೇಶ ತನ್ನ ಹೊಲದ ಸುತ್ತ ಬರಿತಂತಿ ಎಳೆದು, ಕಂಬದಿಂದ ಕೊಂಡಿ ಹಾಕಿ ಅದಕ್ಕೆ ಕರೆಂಟ್ ಕೊಡುತ್ತಿದ್ದ. ಹಾಗೆ ಮಾಡಬಾರದೆಂದು ಅವನಿಗೆ ಗೊತ್ತಿತ್ತು. ಊರಿಗೂ ಅರ್ಧಂಬರ್ಧ ಗೊತ್ತಿತ್ತು. ಆದರೆ ದಿನಾ ಹೊತ್ತು ಹುಟ್ಟುವ ಮೊದಲೇ ಹೋಗಿ ಕೊಂಡಿ ತೆಗೆದು ತಂತಿ ಸುತ್ತಿ ಇಡುತ್ತಿದ್ದುದರಿಂದ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ.

ಒಂದು ದಿನ ಅವನಿಗೆ ಜ್ವರ ಬಂತು. ಏಳುವಷ್ಟರಲ್ಲಿ ಬಿಸಿಲು ಅಂಗಳಕ್ಕೆ ಇಳಿದಿತ್ತು. ಚಪ್ಪಲಿ ಸಹ ಮೆಟ್ಟದೆ ಹೊಲಕ್ಕೆ ಓಡಿದ. ಬದುವಿನ ಮೇಲೆ ಪಕ್ಕದ ಹೊಲದ ಮಾಳಿಂಗರಾಯ ಬಿದ್ದಿದ್ದ. ಮೋಟರು ಚಾಲೂ ಮಾಡಲು ಬಂದವನು ಅಡ್ಡದಾರಿ ಹಿಡಿದು ಹೊನ್ನೇಶನ ಬದುವನ್ನು ದಾಟಲು ಹೋಗಿದ್ದ. ಹೊನ್ನೇಶ ಕೊಂಡಿ ಕಿತ್ತೆಸೆದು, ಅವನನ್ನು ಹೊರಳಿಸಿ, ಎದೆ ಒತ್ತಿ, ಹೆಸರು ಹಿಡಿದು ಕೂಗಿದ. ಮೈ ಆಗಲೇ ತಣ್ಣಗಾಗಿತ್ತು.

ಅಲ್ಲಿಯವರೆಗೆ ನಡೆದದ್ದು ತಪ್ಪು. ಆಮೇಲೆ ಮಾಡಿದ್ದು ಬೇರೆ. ಹೊನ್ನೇಶ ಸುತ್ತ ನೋಡಿದ, ಯಾರೂ ಇರಲಿಲ್ಲ. ಮಾಳಿಂಗರಾಯನನ್ನು ಬಗಲಿಗೆ ಕೈಕೊಟ್ಟು ಎಳೆದುಕೊಂಡು ಹೋಗಿ, ಅವನದೇ ಮೋಟರಿನ ಸ್ಟಾರ್ಟರ್ ಡಬ್ಬಿಯ ಕೆಳಗೆ ಮಲಗಿಸಿದ. ತಂತಿಯನ್ನೆಲ್ಲ ಸುತ್ತಿ, ಕಲ್ಲು ಕಟ್ಟಿ ಹೊಳೆಗೆ ಬಿಟ್ಟ. ಮನೆಗೆ ಬಂದು ಹೊದ್ದು ಮಲಗಿದ. ಹೆಂಡತಿ ಮಂಜುಳಾ ಅವನ ಕೆಸರಾದ ಕಾಲು ನೋಡಿದಳು. ಏನೂ ಕೇಳಲಿಲ್ಲ.

ಮುಂಡರಗಿಯಿಂದ ಪೊಲೀಸರು ಬಂದರು, ಲೈನ್‌ಮನ್ ಬಂದ. ಸ್ಟಾರ್ಟರ್ ಡಬ್ಬಿಯ ಹತ್ತಿರ ಒಂದು ವೈರಿನ ಸಿಪ್ಪೆಯನ್ನು ಇಲಿ ಕಡಿದಿತ್ತು. ಅಲ್ಲಿ ಹಳೆ ಸೀರೆಯ ಚೂರು ಸುತ್ತಿ ಗಂಟು ಹಾಕಲಾಗಿತ್ತು.

“ಈ ಅರಿವಿ ಯಾರು ಕಟ್ಟಿದ್ರಿ?” ಎಂದು ಲೈನ್‌ಮನ್ ಕೇಳಿದ.

“ನಾನ ಕಟ್ಟಿದ್ದೆ,” ಎಂದಳು ಮಾಳಿಂಗರಾಯನ ಹೆಂಡತಿ ಸಾವಕ್ಕ. “ನಿನ್ನಿ ಸಂಜಿಕೆ. ಟೇಪ್ ಇರ್ಲಿಲ್ಲರಿ.”

“ಅರಿವಿ ಹಸಿ ಆದ್ರ ಕರೆಂಟ್ ಹರೀತೈತವಾ,” ಎಂದ ಅವನು. ಬೈಯುವ ದನಿಯಲ್ಲೇನೂ ಹೇಳಲಿಲ್ಲ. ಆದರೆ ಆ ಮಾತು ಅವಳ ಒಳಗೆ ಹೋಗಿ ಕುಳಿತುಕೊಂಡಿತು. ಕಾಗದದಲ್ಲಿ ಆಕಸ್ಮಿಕ ಸಾವು ಎಂದು ಬರೆದರು.

ಆದರೂ ಹೆಣಕ್ಕೆ ನೀರು ಹಾಕುವಾಗ ಸಾವಕ್ಕ ಒಂದನ್ನು ಗಮನಿಸಿದ್ದಳು. ಗಂಡನ ಎರಡೂ ಮೊಳಕಾಲ ಕೆಳಗೆ ಬಳೆ ತೊಡಿಸಿದ ಹಾಗೆ ಕಪ್ಪು ಗೆರೆಯಿತ್ತು. ಕೈಯಿಂದ ಡಬ್ಬಿ ಮುಟ್ಟಿ ಸತ್ತವನ ಕಾಲಿಗೆ ಗೆರೆ ಹೇಗೆ ಬಂತು? ದಿನಕರ್ಮ ಮುಗಿದ ಮೇಲೆ ಅವಳು ಹಿರಿಯರ ಮುಂದೆ ಈ ಮಾತು ಎತ್ತಿದಳು. ಹೊನ್ನೇಶನ ತಂತಿಯ ಸುದ್ದಿಯೂ ಬಂತು. ಹೊನ್ನೇಶ ತಾನು ತಂತಿ ಎಳೆದೇ ಇಲ್ಲ ಎಂದ. ಹೊಲದಲ್ಲಿ ತಂತಿಯೂ ಇರಲಿಲ್ಲ. ಕೊನೆಗೆ ಹಿರಿಯರು, ಬೀರದೇವರ ಭಂಡಾರ ಮುಟ್ಟಿ ಹೇಳಲಿ ಎಂದು ತೀರ್ಮಾನಿಸಿದರು. ಬೀರದೇವರ ಅರಿಸಿನಪುಡಿ ಹಿಡಿದು ಸುಳ್ಳು ಹೇಳಿದವನು ವರ್ಷ ದಾಟುವುದಿಲ್ಲ ಎಂಬುದು ಊರಿನ ನಂಬಿಕೆ.

ಅಮಾವಾಸ್ಯೆಯ ದಿನ ಗುಡಿಯ ಮುಂದೆ ಊರೇ ಸೇರಿತ್ತು. ಹೊನ್ನೇಶ ಮುಷ್ಟಿ ತುಂಬ ಭಂಡಾರ ಹಿಡಿದ.

“ನಾ ತಂತಿಗೆ ಕರೆಂಟ್ ಕೊಟ್ಟಿಲ್ಲ. ಮಾಳಿಂಗರಾಯನ ಸಾವಿನ್ಯಾಗ ನನ್ನ ಕೈ ಇಲ್ಲ. ನಾ ಸುಳ್ಳಾಡಿದ್ರ ನನ್ನ ಹೆಂಡ್ತಿ ಹೊಟ್ಟ್ಯಾಗಿನ ಕೂಸು ಕಣ್ಣು ತೆರೀಬಾರದು.”

ಹೆಂಗಸರ ನಡುವೆ ನಿಂತಿದ್ದ ಮಂಜುಳಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಗ ಅವಳಿಗೆ ಐದು ತಿಂಗಳು. ಅಷ್ಟರಲ್ಲಿ ಪೂಜಾರಿ ಹನಮಂತಜ್ಜನಿಗೆ ಮೈತುಂಬಿತು. ದೇವರು ಅವನ ಬಾಯಿಂದ ಸಾವಕ್ಕನ ಕಡೆ ತಿರುಗಿ ಮಾತಾಡಿತು: “ಅವಸರ ಮಾಡಬ್ಯಾಡ ಮಗಳ. ನನ್ನ ಭಂಡಾರ ಹಿಡದವನ್ನ ನಾ ಬಿಡಾಂಗಿಲ್ಲ.” ಅಷ್ಟೇ ಹೇಳಿ ಇಳಿದುಹೋಯಿತು.

ಮುಂದಿನ ನಾಲ್ಕು ತಿಂಗಳು ಹೊನ್ನೇಶ ಹೇಗೆ ಕಳೆದನೆಂದು ಅವನಿಗೇ ಸರಿಯಾಗಿ ನೆನಪಿಲ್ಲ. ಮಂಜುಳಾ ಕೆಮ್ಮಿದರೆ ನಿದ್ದೆಯಿಂದ ಎದ್ದು ಕೂರುತ್ತಿದ್ದ. ಎರಡು ಸಲ ಗುಡಿಯವರೆಗೆ ಹೋಗಿ, ಮೆಟ್ಟಿಲ ಹತ್ತಿರ ನಿಂತು, ಯಾರೋ ಬಂದರೆಂದು ತಿರುಗಿ ಬಂದ. ಹೆರಿಗೆಯ ದಿನ ಮುಂಡರಗಿಯ ಆಸ್ಪತ್ರೆಯ ಗೋಡೆಗೆ ಹಣೆ ಹಚ್ಚಿ, “ಕೂಸು ಉಳಿಸಪ್ಪಾ, ಉಳಿಸಿದ್ರ ಎಲ್ಲಾ ಹೇಳ್ತೀನಿ,” ಎಂದು ಒಳಗೇ ಬೇಡಿಕೊಂಡ.

ಕೂಸು ಕಣ್ಣು ತೆರೆಯಿತು. ಆಸ್ಪತ್ರೆಯ ಓಣಿಗೇ ಕೇಳುವಂತೆ ಅತ್ತಿತು. ಹೆಣ್ಣುಮಗು, ಅನ್ನಪೂರ್ಣ ಎಂದು ಹೆಸರಿಟ್ಟರು. ಹೇಳುತ್ತೇನೆಂದವನು ಐದನೇ ದಿನದ ಪೂಜೆ ಮುಗಿಯಲಿ ಎಂದುಕೊಂಡ. ತೊಟ್ಟಿಲು ಆಗಲಿ ಎಂದುಕೊಂಡ. ಆ ವರ್ಷ ಶೇಂಗಾ ಹಿಂದೆಂದೂ ಬರದಷ್ಟು ಬಂತು. ಹಂದಿಗಳು ಸಹ ಅವನ ಹೊಲ ಬಿಟ್ಟು ಬೇರೆ ಕಡೆ ಹೋದವು. ಭಯ ದಿನಕ್ಕೊಂದು ಎಳೆ ಸಡಿಲಾಗುತ್ತ ಬಂದು, ಅದರ ಜಾಗದಲ್ಲಿ ಇನ್ನೇನೋ ಬೆಳೆಯತೊಡಗಿತು. ವರ್ಷ ತುಂಬಿದ ಅಮಾವಾಸ್ಯೆಯ ದಿನ ಹೊನ್ನೇಶ ಗಡ್ಡ ಬೋಳಿಸಿಕೊಂಡು ಹೊಸ ಅಂಗಿ ತೊಟ್ಟು ಕಟ್ಟೆಗೆ ಹೋಗಿ ಕುಳಿತ. ಯಾರಾದರೂ ನೋಡಲಿ ಎಂದೇ ಕುಳಿತಿದ್ದ.

ಮರುದಿನ ಮುಂಜಾನೆ ಸಾವಕ್ಕ ಅವನ ಮನೆಗೆ ಬಂದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ತೆಂಗಿನಕಾಯಿ, ಒಂದು ಕುಪ್ಪಸದ ಕಣ. ಅರಿಸಿನ ಕುಂಕುಮವನ್ನು ತಾನು ಮುಟ್ಟಬಾರದೆಂದು ಬೇರೆ ಹುಡುಗಿಯ ಕೈಯಲ್ಲಿ ಹಿಡಿಸಿಕೊಂಡು ಬಂದಿದ್ದಳು.

“ಒಳಗ ಬಾ ಯಕ್ಕಾ,” ಎಂದಳು ಮಂಜುಳಾ, ಗಾಬರಿಯಲ್ಲಿ.

ಸಾವಕ್ಕ ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ತಟ್ಟೆ ಇಟ್ಟು, ಹೊನ್ನೇಶನನ್ನು ನೋಡಿದಳು.

“ನಿನ್ನ ಮ್ಯಾಲ ಸಂಶೇ ಪಟ್ಟೆ ತಮ್ಮಾ. ನಾಕ ಮಂದಿ ಮುಂದ ನಿನ್ನ ನಿಲ್ಲಿಸಿದೆ. ಹೊಟ್ಟ್ಯಾಗಿನ ಕೂಸಿನ ಮ್ಯಾಲ ಆಣಿ ಮಾಡಿಸಿದೆ. ವರ್ಷ ಆತು. ಬೀರಪ್ಪ ತೋರಿಸಿಕೊಟ್ಟ. ನೀ ಖರೆ ಹೇಳಿದ್ದಿ.” ಅವಳದು ಅಳು ಮುಗಿದವರ ದನಿ. “ಅಂವನ್ನ ಕೊಂದದ್ದು ನನ್ನ ಗಂಟು. ತಪ್ಪಾತು ಅನ್ನಾಕ ಬಂದೀನಿ.”

ಹಾಗೆಂದು ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಮಾತು ಹೊನ್ನೇಶನ ಗಂಟಲವರೆಗೆ ಬಂದಿತ್ತು. ಇದನ್ನು ಅವನು ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾನೆ, ಬಂದಿತ್ತು ಎಂದು. ತೊಟ್ಟಿಲಲ್ಲಿ ಅನ್ನಪೂರ್ಣ ಕುಸುಗುಟ್ಟಿದಳು. ಅವನು, “ಇರ್ಲಿ ಬಿಡಕ್ಕಾ, ಆದದ್ದು ಆತು,” ಎಂದ. ಕ್ಷಮಿಸುವವನ ಹಾಗೆ ಎಂದ.

ಸಾವಕ್ಕ ಹೋದಳು. ಅವಳಿಗೆ ಎರಡು ವರ್ಷದ ಮಗಳಿದ್ದಳು, ಭಾಗ್ಯ. ಆ ತಿಂಗಳೇ ಸಾವಕ್ಕ ಆ ಮಗುವನ್ನು ಲಕ್ಷ್ಮೇಶ್ವರದಲ್ಲಿದ್ದ ತಂಗಿಯ ಮನೆಗೆ ಒಯ್ದು, “ನೀನ ಸಾಕು. ನನ್ನ ಕೈ ಚಲೋದಲ್ಲ,” ಎಂದು ಬಿಟ್ಟು ಬಂದಳು. ಅತ್ತೆ ಬದುಕಿರುವವರೆಗೆ ಅವಳನ್ನು ಗಂಡನ ತಿಂದಾಕಿ ಎಂದೇ ಕರೆದಳು. ಸಾವಕ್ಕ ಅದಕ್ಕೆ ಎದುರಾಡದೆ ಮುದುಕಿಯ ಕಾಲು ತಿಕ್ಕುತ್ತಿದ್ದಳು. ಎಮ್ಮೆಯ ಹಗ್ಗ ಕಟ್ಟಲು ಸಹ ಪಕ್ಕದ ಮನೆಯವರನ್ನು ಕರೆಯುತ್ತಾಳೆ, ಗಂಟು ಹಾಕುವುದಿಲ್ಲವಂತೆ ಎಂದು ಊರಲ್ಲಿ ಮಾತಾಡಿಕೊಂಡರು. ಅತ್ತೆ ಸತ್ತ ಮೇಲೆ ಹೊಲ ಪಾಲಿಗೆ ಕೊಟ್ಟು, ಬೆಟಗೇರಿಗೆ ಹೋಗಿ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿದಳು.

ಹೊನ್ನೇಶನಿಗೆ ಮಾತಾಡುವ ಸಂದರ್ಭಗಳು ಮತ್ತೂ ಬಂದವು. ಮುಂಡರಗಿಯಲ್ಲಿ ಮೋಟರು ರಿಪೇರಿ ಮಾಡುವ ಯಮನೂರಸಾಬ ಒಮ್ಮೆ ಚಹಾದಂಗಡಿಯಲ್ಲಿ ಕುಳಿತಾಗ ತಾನಾಗಿ ಹೇಳಿದ: “ಮಾಳಿಂಗಣ್ಣನ ಸ್ಟಾರ್ಟರ್ ಆಮ್ಯಾಲ ನಾನ ಬಿಚ್ಚಿ ನೋಡಿದ್ದೆ. ಅದರಾಗ ಏನೂ ದೋಷ ಇರ್ಲಿಲ್ಲ. ಆ ಗಂಟೂ ಸುಟ್ಟಿರ್ಲಿಲ್ಲ. ನನ್ನ ತಲಿಗೆ ಹತ್ತವಲ್ದು.” ಹೊನ್ನೇಶ ಚಹಾ ಮುಗಿಸಿ, “ಹಣೇಬರಾ ಸಾಬಣ್ಣಾ,” ಎಂದು ಎದ್ದ.

ಅಷ್ಟು ಹೊತ್ತಿಗೆ ಅವನು ಒಂದು ತೀರ್ಮಾನಕ್ಕೆ ಬಂದಿದ್ದ. ದೇವರು ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ. ಬಿಡುವುದಿಲ್ಲ ಎಂದಿತ್ತು, ಬಿಟ್ಟಿತು. ಅಂದಮೇಲೆ ಅಲ್ಲಿ ಇರುವುದು ಕಲ್ಲು, ಅದರ ಮೇಲೆ ಅರಿಸಿನ. ಗುಡಿಯ ಮುಂದೆ ಹೋಗುವಾಗ ಕೈ ಮುಗಿಯುವುದನ್ನು ಬಿಟ್ಟ. ಒಂದು ಸಲ ಹನಮಂತಜ್ಜ ಭಂಡಾರ ಹಚ್ಚಲು ಬಂದಾಗ ಹಣೆ ಹಿಂದೆ ತೆಗೆದು, “ನಿಮ್ಮ ದೇವರದು ಬರೇ ಬಾಯಿ ಬಿಡಜ್ಜಾ,” ಎಂದು ನಕ್ಕ. ಅಜ್ಜ ಕೈಯಲ್ಲಿದ್ದ ಪುಡಿಯನ್ನು ತನ್ನ ಹಣೆಗೇ ಹಚ್ಚಿಕೊಂಡು ಮುಂದೆ ಹೋದ. ಹೊನ್ನೇಶನಿಗೆ ಅವತ್ತು ಗೆದ್ದ ಹಾಗಾಗಿತ್ತು. ಟ್ರ್ಯಾಕ್ಟರು ತಂದ, ಮನೆಗೆ ಮಹಡಿ ಕಟ್ಟಿಸಿದ, ಹಾಲಿನ ಸಂಘಕ್ಕೆ ಅಧ್ಯಕ್ಷನಾದ.

ಹೀಗೇ ಹನ್ನೆರಡು ವರ್ಷ ಹೋದವು.

ಅನ್ನಪೂರ್ಣ ಏಳನೇ ಇಯತ್ತೆಯಲ್ಲಿದ್ದಳು. ಗಣಿತದಲ್ಲಿ ಕಡಿಮೆ ಅಂಕ ಬಂದದ್ದಕ್ಕೆ ಹೆದರಿ, ಅಂಕಪಟ್ಟಿಯ ಮೇಲೆ ಅಪ್ಪನ ಸಹಿಯನ್ನು ತಾನೇ ಮಾಡಿ ಶಾಲೆಗೆ ಕೊಟ್ಟಿದ್ದಳು. ಮಾಸ್ತರರು ಹೊನ್ನೇಶನಿಗೆ ಫೋನ್ ಮಾಡಿ, “ಹುಡುಗಿಗೆ ಬೈಬ್ಯಾಡ್ರಿ, ಆದ್ರ ನಿಮಗ ಗೊತ್ತಿರ್ಲಿ,” ಎಂದರು. ಸುಳ್ಳು ಹೇಳಿದರೆ ಕೈ ಮುರಿಯುತ್ತೇನೆ ಎಂದು ಮಗಳಿಗೆ ಸದಾ ಹೇಳುತ್ತಿದ್ದವನು ಹೊನ್ನೇಶ. ಫೋನ್ ಇಟ್ಟವನೇ ಸಿಟ್ಟಿನಿಂದ ಎದ್ದ. ಪಡಸಾಲೆಯಲ್ಲಿ ಅವಳು ಲಂಗ ಮಡಚಿಕೊಂಡು ಕುಳಿತು ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದಳು. ನೋಡಿ ಸುಮ್ಮನಾದ. ಬೈದರೆ ಅತ್ತು ಮುಗಿಸುತ್ತಾಳೆ. ತಾನಾಗಿ ಬಂದು ಹೇಳಲಿ, ಹೇಳಿದರೆ ಏನೂ ಅನ್ನುವುದಿಲ್ಲ ಎಂದುಕೊಂಡ.

ಅಂದು ಸಂಜೆ ಊಟಕ್ಕೆ ಕುಳಿತಾಗ, “ಶಾಲ್ಯಾಗ ಏನರ ವಿಶೇಷ ಐತೇನವಾ?” ಎಂದು ಕೇಳಿದ.

“ಏನಿಲ್ಲಪ್ಪಾ.”

ಮರುದಿನ ತಾನೇ ಸೈಕಲ್ಲಿಗೆ ಗಾಳಿ ಹಾಕಿಕೊಟ್ಟು, “ನಿನಗ ಏನರ ಹೇಳೂದಿದ್ರ ಹೇಳು, ನಾ ಸಿಟ್ಟಾಗಾಂಗಿಲ್ಲ,” ಎಂದ. ಅವಳು ಅಪ್ಪನ ಮುಖ ನೋಡಿ, ಏನೋ ಲೆಕ್ಕ ಹಾಕಿ, ಇಲ್ಲ ಎಂದು ತಲೆಯಾಡಿಸಿದಳು. ಹೀಗೆ ಎಂಟು ದಿನ. ಕಾಯುವುದು ಇಷ್ಟು ಕಷ್ಟ ಎಂದು ಹೊನ್ನೇಶನಿಗೆ ಗೊತ್ತಿರಲಿಲ್ಲ. ಪ್ರತಿ ಸಲ ಅವಳು ಹತ್ತಿರ ಬಂದಾಗ ಈಗ ಹೇಳಿಯಾಳು ಎಂದು ಮೈಯೆಲ್ಲ ಕಿವಿಯಾಗುತ್ತಿತ್ತು. ಅವಳು ನೀರು ಕೇಳಿ ಹೋಗುತ್ತಿದ್ದಳು.

ಒಂಬತ್ತನೇ ದಿನ ರವಿವಾರ. ಹಿತ್ತಲಲ್ಲಿ ಅನ್ನಪೂರ್ಣ ಓಣಿಯ ಗೆಳತಿಯ ಜೊತೆ ಕುಳಿತು ಹಸಿ ಕಡಲೆ ಸುಲಿಯುತ್ತಿದ್ದಳು. ಬಚ್ಚಲ ಗೋಡೆಯ ಈಚೆ ಹೊನ್ನೇಶ ಕಾಲು ತೊಳೆಯುತ್ತಿದ್ದ.

“ನಿಮ್ಮಪ್ಪಗ ಗೊತ್ತಾತಂತಲ್ಲೇ? ಮಾಸ್ತರ್ ಫೋನ್ ಮಾಡಿದ್ರಂತ,” ಎಂದಳು ಗೆಳತಿ.

“ಗೊತ್ತಾಗೇತಿ. ಏನೂ ಮಾಡ್ಲಿಲ್ಲ,” ಎಂದು ಅನ್ನಪೂರ್ಣ ನಕ್ಕಳು. “ಕೈ ಮುರೀತೀನಿ ಕೈ ಮುರೀತೀನಿ ಅಂತಿದ್ದ. ಬರೇ ಬಾಯಿ ನಮ್ಮಪ್ಪಂದು.”

ಹೊನ್ನೇಶನಿಗೂ ಮೊದಲು ನಗು ಬಂತು. ತಂಬಿಗೆ ಎತ್ತಿದ್ದ ಕೈ ಆಮೇಲೆ ಹಾಗೇ ನಿಂತಿತು. ಆ ಮಾತು ತನ್ನದು, ಹನಮಂತಜ್ಜನ ಮುಂದೆ ಆಡಿದ್ದು. ಅದೇ ನಗು ತನ್ನದು. ಎಂಟು ದಿನ ಅವನು ಸುಮ್ಮನಿದ್ದದ್ದು ಮರೆತುಬಿಟ್ಟಿದ್ದರಿಂದಲೋ, ಕೈಲಾಗದೆಯೋ ಅಲ್ಲ. ಅವಳು ಬರಲಿ ಎಂದು. ಬಚ್ಚಲಕಲ್ಲಿನ ಮೇಲೆ ಅವನು ಹಾಗೇ ಕುಳಿತುಬಿಟ್ಟ. ಆಸ್ಪತ್ರೆಯ ಗೋಡೆ ನೆನಪಾಯಿತು. ತಟ್ಟೆ ಹಿಡಿದು ನಿಂತ ಸಾವಕ್ಕ ನೆನಪಾದಳು. ಯಮನೂರಸಾಬನ ಚಹಾ, ಹನಮಂತಜ್ಜನ ಹಿಂದೆ ಸರಿದ ಕೈ. ಒಂದೊಂದೂ ಬಾಗಿಲೇ ಆಗಿತ್ತು. ಯಾರೋ ತೆರೆದು ಹಿಡಿದಿದ್ದರು. ಅವನು ಅದನ್ನು ಗಾಳಿಗೆ ತೆರೆದುಕೊಂಡಿತು ಎಂದುಕೊಂಡು ಹೊರಟುಹೋಗಿದ್ದ.

ಹನಮಂತಜ್ಜನಿಗೆ ಆಗ ಕಣ್ಣು ಮಂಜಾಗಿದ್ದವು. ಗುಡಿಯ ಜಗಲಿಯ ಮೇಲೆ ಕಂಬಳಿ ಹಾಸಿಕೊಂಡು ಕುಳಿತಿದ್ದ. ಹೊನ್ನೇಶ ಹೋಗಿ ಎದುರು ಕುಳಿತು ಎಲ್ಲ ಹೇಳಿದ.

“ನನಗ್ಯಾಕ ಶಿಕ್ಷಾ ಆಗ್ಲಿಲ್ಲಜ್ಜಾ? ದೇವರು ಬಿಡಾಂಗಿಲ್ಲ ಅಂದಿದ್ದ,” ಎಂದು ಕೇಳಿದ.

“ಬಿಟ್ಟಾನೇನು? ಬಿಟ್ಟಿದ್ರ ನೀ ಇಲ್ಲಿಗ್ಯಾಕ ಬರ್ತಿದ್ದಿ?” ಎಂದ ಅಜ್ಜ. “ಕೂಸಿನ ಮ್ಯಾಲ ಆಣಿ ಇಟ್ಟವ ನೀನು. ಕೂಸು ಕೊಲ್ತೀನಿ ಅಂತ ಅಂವ ಅಂದಿದ್ದಿಲ್ಲ. ಅಂವ ತನ್ನ ಮಾತು ನಡಿಸ್ಯಾನ. ನಡಿಸಾಕ ಹನ್ನೆರಡ ವರ್ಷ ತಡದಾನ.” ಕಂಬಳಿಯ ಅಂಚು ಸರಿಮಾಡಿಕೊಂಡು, “ಅಷ್ಟ ತಡಕೊಳ್ಳೂದು ಸಾವಕ್ಕಗ ಆಗಿಲ್ಲ. ಆಕಿ ಬಾಳು ಹಾಳಾದ ಪಾಪ ದೇವರ ತಲಿಮ್ಯಾಲ ಹಾಕಬ್ಯಾಡ. ಅದು ನಿಂದು. ಒಂದೀಟು ನಂದೂ ಐತಿ. ವರ್ಷ ದಾಟಿದ ಮ್ಯಾಲ ಹೊನ್ನೇಶ ಖರೆ ಅದಾನ ಅಂತ ಊರೆಲ್ಲ ಅನ್ನೂವಾಗ ನಾನೂ ಸುಮ್ಮನ ಕುಂತೆ,” ಎಂದ.

ಮನೆಗೆ ಬಂದು ಮಂಜುಳಾಗೆ ಹೇಳಿದ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಕೇಳಿದಳು. “ಕಾಲಾಗಿನ ಕೆಸರು ಅವತ್ತ ನೋಡಿದ್ದೆ,” ಎಂದಳು ಕೊನೆಗೆ. “ಕೇಳಿದ್ರ ನೀವು ಹೇಳ್ತಿದ್ರಿ ಅಂತ ಹೆದರಿಕಿ ಆಗಿ ಕೇಳ್ಲಿಲ್ಲ.” ಆಮೇಲೆ ಮೊರ ಪಕ್ಕಕ್ಕಿಟ್ಟು ಅತ್ತಳು. ಅನ್ನಪೂರ್ಣ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡುತ್ತಿದ್ದಳು. ಅವಳ ಅಂಕಪಟ್ಟಿಯ ಮಾತು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಮರುದಿನ ಹೊನ್ನೇಶ ಮುಂಡರಗಿಗೆ ಹೋಗಿ ಗದಗಿನ ಬಸ್ಸು ಹಿಡಿದ. ಬೆಟಗೇರಿಯಲ್ಲಿ ಖಾನಾವಳಿ ಹುಡುಕಲು ಮಧ್ಯಾಹ್ನವಾಯಿತು. ಸಾವಕ್ಕ ಇವತ್ತು ಬಂದಿಲ್ಲ, ಮೈಯಲ್ಲಿ ಆರಾಮಿಲ್ಲ ಎಂದು ಅವರು ಓಣಿಯ ಗುರುತು ಹೇಳಿದರು. ಮಗ್ಗದ ಸದ್ದಿನ ಓಣಿ. ಜನ್ನತಬಿ ಎಂಬ ಮುದುಕಿಯ ಮನೆಯ ಹಿಂದಿನ ಕೋಣೆಯಲ್ಲಿ ಸಾವಕ್ಕ ಬಾಡಿಗೆಗಿದ್ದಳು. ಜನ್ನತಬಿ ಅವನನ್ನು ಮೇಲಿಂದ ಕೆಳಗೆ ನೋಡಿ, “ಊರ ಮಂದಿ ಒಬ್ರೂ ಬಂದಿದ್ದಿಲ್ಲ ಇಲ್ಲಿತನಕ. ಬರ್ರಿ, ಕುಂಡ್ರಿ,” ಎಂದಳು. ಕೋಣೆಯಲ್ಲಿ ಕರೆಂಟಿನ ದೀಪ ಇರಲಿಲ್ಲ. ಸ್ವಿಚ್ಚಿನ ಗುಂಡಿ ಮುಟ್ಟಲಾರೆ ಎಂದು ಬಾಡಿಗೆಗೆ ಬಂದಾಗಲೇ ಸಾವಕ್ಕ ಬಲ್ಬು ತೆಗೆಸಿದ್ದಳಂತೆ.

ಸಾವಕ್ಕನ ಕೂದಲು ಬೆಳ್ಳಗಾಗಿತ್ತು. ನಲವತ್ತು ದಾಟಿರಲಿಲ್ಲ. “ಹೊನ್ನೇಶ ಅಲ್ಲಾ? ಮಂಜುಳಾ ಹೆಂಗದಾಳ? ಕೂಸು?” ಎಂದು ಕೇಳುತ್ತ ಚಾಪೆ ಹಾಸಿದಳು.

ಅವನು ಚಾಪೆಯ ಮೇಲೆ ಕೂರಲಿಲ್ಲ. ನೆಲದ ಮೇಲೆ ಕುಳಿತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ತಂತಿ. ಜ್ವರ. ಬದು. ಎಳೆದುಕೊಂಡು ಹೋದದ್ದು.

ಸಾವಕ್ಕ ಅಳಲಿಲ್ಲ, ಕೂಗಲೂ ಇಲ್ಲ. ಅವಳು ಮೊದಲು ಕೇಳಿದ್ದು ಒಂದೇ.

“ಆ ಗಂಟು?”

“ಗಂಟು ಗಟ್ಟಿ ಇತ್ತಕ್ಕಾ. ಅದಕ್ಕೇನೂ ಆಗಿರ್ಲಿಲ್ಲ. ಯಮನೂರಸಾಬನೂ ಅಂದಿದ್ದ.”

“ಅಂವಗೂ ಗೊತ್ತಿತ್ತೇನು?”

“ಗೊತ್ತಿರ್ಲಿಲ್ಲ. ಹೇಳ್ಲಿ ಅಂತ ನನ್ನ ಮಾರಿ ನೋಡಿದ್ದ. ನಾ ಎದ್ದು ಬಂದೆ.”

ಸಾವಕ್ಕ ತನ್ನ ಎರಡೂ ಅಂಗೈ ಮುಂದೆ ಹಿಡಿದುಕೊಂಡು ನೋಡಿದಳು. ರೊಟ್ಟಿ ಬಡಿದು ಬಡಿದು ಗಟ್ಟಿಯಾದ, ಸುಟ್ಟ ಕಲೆಗಳ ಕೈ. ಹೊರಗೆ ಮಗ್ಗ ಬಡಿಯುತ್ತಲೇ ಇತ್ತು.

“ನಾನ ಹುಚ್ಚಿ,” ಎಂದಳು ಮೆಲ್ಲಗೆ. “ಅವಸರ ಮಾಡಬ್ಯಾಡ ಅಂತ ಬೀರಪ್ಪ ಅಂದಿದ್ದ. ಒಂದ ವರ್ಷಕ್ಕ ನ್ಯಾಯ ಮುಗೀತು ಅಂತ ನಾನ ತಿಳಕೊಂಡೆ. ಅಂವ ಇನ್ನೂ ಬಾಯೇ ತೆರದಿದ್ದಿಲ್ಲ.”

“ನನ್ನ ತಪ್ಪಿಗೆ ನೀ—”

“ನೀ ಸುಮ್ಮನಿರು.” ಮೊದಲ ಸಲ ಅವಳ ದನಿ ಏರಿತು. “ಹನ್ನೆರಡ ವರ್ಷ ದೇವರು ನಿನ್ನ ಕಾದ. ನನ್ನ ಯಾರು ಕಾಯಬೇಕಾಗಿತ್ತು? ನನ್ನ ಕೂಸು ಹಾಲು ಬಿಟ್ಟು ಎರಡ ತಿಂಗಳಾಗಿತ್ತು ಹೊನ್ನೇಶಾ. ತಂಗಿ ಮನ್ಯಾಗ ಬಿಟ್ಟು ಬರೂವಾಗ ನನ್ನ ಸೆರಗು ಹಿಡದಿತ್ತು. ಬೆರಳು ಒಂದೊಂದ ಬಿಡಿಸಿ ಬಂದೆ. ಯಾಕಂದ್ರ ಇವು ಕೊಂದ ಕೈ ಅಂತ ನೀ ನನಗ ನಂಬಿಸಿದ್ದಿ.”

ಜನ್ನತಬಿ ಬಾಗಿಲಿಗೆ ಬಂದು ನಿಂತಿದ್ದಳು. ಒಳಗೆ ಬಂದು ಸಾವಕ್ಕನ ಪಕ್ಕದಲ್ಲಿ ಕುಳಿತು ಬೆನ್ನ ಮೇಲೆ ಕೈಯಿಟ್ಟಳು. ಆಗ ಸಾವಕ್ಕನಿಗೆ ಅಳು ಬಂತು. ಹೊನ್ನೇಶ ಎದ್ದು ಹೋಗಲಾರದೆ, ಕುಳಿತಿರಲಾರದೆ, ಗೋಡೆ ಹಿಡಿದು ನಿಂತ. ಸುಮಾರು ಹೊತ್ತಿನ ಮೇಲೆ ಅವಳು ಮುಖ ಒರೆಸಿಕೊಂಡು, “ಇದನ್ನ ಊರ ಮುಂದ ಹೇಳ್ತಿಯೇನು? ಪೊಲೀಸರ ಮುಂದ?” ಎಂದು ಕೇಳಿದಳು.

“ಹೇಳ್ತೀನಿ.”

“ಹಂಗಾರ ಹೋಗು. ನಿನ್ನ ಕ್ಷಮಿಸೀನಿ ಅಂತ ತಿಳಕೊಂಡು ಹೋಗಬ್ಯಾಡ. ನನ್ನ ಕಡೆ ಅದು ಇನ್ನೂ ಇಲ್ಲ.”

ಅವನು ಊರ ಮುಂದೆ ಹೇಳಿದ. ಮುಂಡರಗಿಯ ಠಾಣೆಯಲ್ಲಿ ಹಳೆಯ ಕಡತ ಹುಡುಕಲು ಒಪ್ಪದೆ ಎರಡು ಸಲ ಅವನನ್ನು ವಾಪಸು ಕಳಿಸಿದರು. ಸಾವಕ್ಕ ತಾನೇ ಬಂದು ಅರ್ಜಿ ಕೊಟ್ಟ ಮೇಲೆ ಕೇಸು ದಾಖಲಾಯಿತು. “ಇಷ್ಟ ವರ್ಷ ಏನು ಮಾಡಾಕತ್ತಿದ್ದಿ?” ಎಂದು ಕೇಳಿದ ಪೊಲೀಸನ ಮುಂದೆ ಹೊನ್ನೇಶ ಹೇಳಿಕೆಗೆ ಸಹಿ ಹಾಕಿದ. ಕೆಲವು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದ. ಹಾಲಿನ ಸಂಘ ಬೇರೆ ಅಧ್ಯಕ್ಷನನ್ನು ಆರಿಸಿತು. ಅನ್ನಪೂರ್ಣ ಒಂದು ತಿಂಗಳು ಅವನೊಂದಿಗೆ ಮಾತು ಬಿಟ್ಟಿದ್ದಳು. ಆಮೇಲೆ ಒಂದು ದಿನ ಊಟಕ್ಕೆ ಬಾ ಎಂದು ಕರೆದಳು.

ಸಾವಕ್ಕ ಲಕ್ಷ್ಮೇಶ್ವರಕ್ಕೆ ಹೋಗಿ ಮಗಳಿಗೆ ಎಲ್ಲ ತಿಳಿಸಿದಳು. ಭಾಗ್ಯ ಆಗ ಒಂಬತ್ತನೇ ಇಯತ್ತೆ, ಉದ್ದಕ್ಕೆ ಬೆಳೆದಿದ್ದಳು. ಸಾವಕ್ಕನನ್ನು ದೊಡ್ಡವ್ವ ಎನ್ನುತ್ತಿದ್ದಳು, ಚಿಕ್ಕಮ್ಮನನ್ನು ಅವ್ವ. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಅವಳು ಚಿಕ್ಕಮ್ಮನ ಕಡೆಗೇ ತಿರುಗಿ, “ಅವ್ವಾ, ನಾ ಇನ್ನ ಎಲ್ಲಿ ಇರಬೇಕು?” ಎಂದಳಂತೆ. ಸಾವಕ್ಕನೇ, “ಇಲ್ಲೇ ಇರವಾ,” ಎಂದಳಂತೆ. ಠಾಣೆಗೆ ಸಾವಕ್ಕನ ಜೊತೆ ಬಂದಿದ್ದ ಜನ್ನತಬಿಯಿಂದ ಇದನ್ನು ಕೇಳಿದ ದಿನ ಹೊನ್ನೇಶ ಊಟ ಮಾಡಲಿಲ್ಲ. ಬದುವಿನ ಮೇಲಿನ ಸಾವಿನ ಪಾಪಕ್ಕೆ ಕೋರ್ಟು ಏನೋ ಒಂದು ಅಳತೆ ಹಾಕೀತು. ಈ ಪಾಪಕ್ಕೆ ಅಳತೆಗೋಲು ಯಾರ ಕೈಯಲ್ಲೂ ಇರಲಿಲ್ಲ.

ಗದಗಿನ ಕೋರ್ಟಿನಲ್ಲಿ ತಾರೀಖಿನ ಮೇಲೆ ತಾರೀಖು. ಪಡಸಾಲೆಯ ಉದ್ದನೆಯ ಬೆಂಚಿನ ಒಂದು ತುದಿಗೆ ಹೊನ್ನೇಶ, ಇನ್ನೊಂದು ತುದಿಗೆ ಸಾವಕ್ಕ. ಕಳೆದ ಚಳಿಗಾಲದ ತಾರೀಖಿಗೆ ಅವಳ ಜೊತೆ ಭಾಗ್ಯ ಬಂದಿದ್ದಳು. ದೀಪಾವಳಿ ರಜೆಗೆ ನಾಲ್ಕು ದಿನ ಬೆಟಗೇರಿಯಲ್ಲಿ ಇರಲು ಬಂದವಳು. ಹುಡುಗಿ ತುಸು ಹೊತ್ತು ಕುಳಿತು, ಎದ್ದು ಆ ಕಡೆ ಈ ಕಡೆ ತಿರುಗಿ, ಕೊನೆಗೆ ಹೊನ್ನೇಶನ ಮುಂದೆ ಬಂದು ನಿಂತಳು. ಅವನು ತಲೆ ತಗ್ಗಿಸಿದ.

“ನಿಮ್ಮ ಹೊಲ ನಮ್ಮ ಹೊಲ ಬಾಜೂಕ ಅಲ್ರಿ?” ಎಂದಳು.

“ಹೌದವಾ.”

“ನಮ್ಮಪ್ಪ ಹೆಂಗಿದ್ದ? ದೊಡ್ಡವ್ವನ್ನ ಕೇಳಿದ್ರ ಅಳ್ತಾಳ.”

ಹೊನ್ನೇಶ ಬೆಂಚಿನ ಆ ತುದಿಯನ್ನು ನೋಡಿದ. ಸಾವಕ್ಕ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು, ತಿರುಗಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

“ಎತ್ತರದ ಆಳು,” ಎಂದು ಅವನು ಶುರು ಮಾಡಿದ. ಹುಡುಗಿಯ ಕಡೆ ತಿರುಗಿ ಮತ್ತೆ ಶುರು ಮಾಡಿದ. “ಎತ್ತರದ ಆಳು ನಿಮ್ಮಪ್ಪ. ಹೊಳಿ ತುಂಬಿ ಬಂದಾಗೂ ಈಸಿ ಆಚಿ ದಂಡಿಗೆ ಹೋಗಿ ಬರ್ತಿದ್ದ. ಎತ್ತಿಗೆ ಬಾರಕೋಲು ಮುಟ್ಟಿಸ್ತಿದ್ದಿಲ್ಲ, ಬಾಯಿಲೆ ಸೀಟಿ ಹೊಡದ್ರ ಸಾಕು, ತಿರಗ್ತಿದ್ವು. ನೀ ಹುಟ್ಟಿದ ದಿನ ಹೊಲದಾಗ ನನಗೊಂದು ಬೆಲ್ಲದ ಪೆಂಟಿ ಕೊಟ್ಟು...”

ಸಾವಕ್ಕ ಕಿಟಕಿಯ ಹೊರಗೆ ನೋಡುತ್ತಲೇ ಕೇಳುತ್ತಿದ್ದಳು. ಕೋರ್ಟಿನ ಜವಾನ ಹೆಸರು ಕೂಗುವವರೆಗೂ ಹೊನ್ನೇಶ ಹೇಳುತ್ತಲೇ ಇದ್ದ.